ಒಣ ಕಾಲದ ಕೊಡಚಾದ್ರಿ: ಕಾನಿನಿಂದ ಕಾನಿಗೆ ಒಂದು ದಿನದ ನಡಿಗೆ

ಮಲೆನಾಡಿನಲ್ಲಿ ನಡೆಯುವವರು ಬೆನ್ನ ಮೇಲೆ ನೀರು ಹೊರಬೇಕಾಗುತ್ತದೆ ಎಂದರೆ ಬಯಲುಸೀಮೆಯ ನನ್ನ ಬಂಧುಗಳು ನಂಬುವುದಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವುದನ್ನು ಶಾಲೆಯ ಪುಸ್ತಕದಲ್ಲಿ ಓದಿದವರಿಗೆ ಈ ಬೆಟ್ಟಗಳಲ್ಲಿ ಬಾಯಾರಿಕೆಯ ಮಾತು ವಿಚಿತ್ರವಾಗಿ ಕೇಳಿಸುವುದು ಸಹಜವೇ. ಆದರೆ ಆ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ ಸುರಿದು ಮುಗಿಯುತ್ತದೆ. ಅಕ್ಟೋಬರಿನ ಗುಡುಗು ಮಳೆಯೂ ನಿಂತ ಮೇಲೆ ಮುಂದಿನ ಏಪ್ರಿಲ್‌ವರೆಗೆ ಬೆಟ್ಟದ ನೆತ್ತಿಗೆ ಸಿಗುವುದು ಬೆಳಗಿನ ಇಬ್ಬನಿಯಷ್ಟೇ. ಫೆಬ್ರವರಿಯ ಹೊತ್ತಿಗೆ ಹುಲ್ಲು ಕರಡವಾಗಿ, ಮಳೆಗಾಲದಲ್ಲಿ ದಾಟಲು ಹೆದರುವ ಹಳ್ಳಗಳಲ್ಲಿ ಉರುಟು ಕಲ್ಲುಗಳು ಮಾತ್ರ ಉಳಿದಿರುತ್ತವೆ. ಆ ಕಾಲದಲ್ಲಿ ಹೊಸನಗರ ತಾಲ್ಲೂಕಿನ ನಗರ ಎಂಬ ಊರಿನಿಂದ ಕೊಲ್ಲೂರಿನವರೆಗೆ ಚೀಲ ಹೊತ್ತು ನಡೆದ ದಾರಿಯಲ್ಲಿ ನಿಟ್ಟೂರಿನ ಕಡೆಯಿಂದ ಕೊಡಚಾದ್ರಿಯನ್ನು ಹತ್ತಿ, ಅದರ ಇನ್ನೊಂದು ಮಗ್ಗುಲಿನಿಂದ ಇಳಿದ ದಿನದ ಬಗ್ಗೆ ಬರೆಯುತ್ತಿದ್ದೇನೆ. ಒಣ ಕಾಲದಲ್ಲಿ ಇಲ್ಲಿ ನಡೆಯುವವರು ಒಂದು ನೋಟದ ಜಾಗದಿಂದ ಇನ್ನೊಂದಕ್ಕೆ ದಾರಿ ಹಾಕಿಕೊಳ್ಳಬಾರದು, ಒಂದು ಕಾನಿನಿಂದ, ಅಂದರೆ ವರ್ಷವಿಡೀ ಹಸಿರಾಗಿರುವ ದಟ್ಟ ಕಾಡಿನ ತುಂಡಿನಿಂದ, ಇನ್ನೊಂದು ಕಾನಿಗೆ ಹಾಕಿಕೊಳ್ಳಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಆ ಅಭಿಪ್ರಾಯಕ್ಕೆ ಕಾರಣವೇನೆಂಬುದನ್ನು ವಿವರವಾಗಿ ಹೇಳಬೇಕೆನಿಸಿದೆ.

ಕಾಲದ ಆಯ್ಕೆಯ ಬಗ್ಗೆ ಮೊದಲು ಹೇಳುತ್ತೇನೆ. ಮಳೆಗಾಲದಲ್ಲಿ ಈ ದಾರಿ ರಕ್ತ ಹೀರುವ ಉಂಬಳಗಳದ್ದು, ಜಾರುವ ಜೇಡಿಯದ್ದು ಮತ್ತು ಮಂಜಿನದ್ದು. ನೆತ್ತಿಯ ಮೇಲೆ ನಿಂತರೂ ಹತ್ತು ಮಾರು ದೂರದ ಬಂಡೆ ಕಾಣದ ದಿನಗಳೇ ಹೆಚ್ಚು. ಬೇಸಿಗೆ ಬಲಿತ ಮೇಲೆ ಕಾಳ್ಗಿಚ್ಚಿನ ಭಯದಿಂದ ಅರಣ್ಯ ಇಲಾಖೆ ಚಾರಣದ ದಾರಿಗಳನ್ನು ಮುಚ್ಚುವುದುಂಟು, ಮುಚ್ಚುವುದು ಸರಿಯೂ ಹೌದು. ಹೀಗಾಗಿ ಶಿವರಾತ್ರಿಗೆ ಮುಂಚಿನ ವಾರಗಳು ನಡೆಯುವವರ ಪಾಲಿಗೆ ಉಳಿಯುತ್ತವೆ. ಚಳಿ ಇನ್ನೂ ಶಿವಶಿವಾ ಎಂದು ಹೊರಟಿರುವುದಿಲ್ಲ, ಬೆಳಗಿನ ಗಾಳಿಯಲ್ಲಿ ಹತ್ತುವುದು ಹಿತವಾಗಿರುತ್ತದೆ, ಆಕಾಶ ಶುಭ್ರವಾಗಿರುತ್ತದೆ. ಅನುಮತಿಯನ್ನು ಮುಂಚಿತವಾಗಿ ಪಡೆದುಕೊಂಡು, ದಾರಿ ಬಲ್ಲ ಸ್ಥಳೀಯರೊಬ್ಬರನ್ನು ಜೊತೆಗೆ ಕರೆದುಕೊಂಡೇ ಹೊರಡಬೇಕು. ಅಭಯಾರಣ್ಯದ ನಿಯಮ ಹಾಗೆ ಹೇಳುತ್ತದೆ ಎಂಬುದು ಒಂದು ಕಾರಣ. ನೀರು ಎಲ್ಲಿದೆ ಎಂಬುದು ನಕ್ಷೆಯಲ್ಲಿ ಇರುವುದಿಲ್ಲ, ಅಲ್ಲಿನವರ ನೆನಪಿನಲ್ಲಿರುತ್ತದೆ ಎಂಬುದು ಅದಕ್ಕಿಂತ ದೊಡ್ಡ ಕಾರಣ.

ನಾವು ಬೆಳಕು ಹರಿಯುವ ಮೊದಲೇ ಹೊರಟೆವು. ನಾನು, ನನ್ನ ಗೆಳೆಯ, ಮತ್ತು ನಿಟ್ಟೂರಿನ ಕಡೆಯ ಹಿರಿಯರೊಬ್ಬರು. ಬಾಲ್ಯದಲ್ಲಿ ಇದೇ ಗುಡ್ಡಗಳಲ್ಲಿ ದನ ಹೊಡೆದುಕೊಂಡು ಹೋಗುತ್ತಿದ್ದ ಅವರಿಗೆ ಪ್ರತಿ ತಿರುವೂ ಪರಿಚಿತ. ಮಲಗುವ ಚೀಲ, ಒಂದು ಜೊತೆ ಬಟ್ಟೆ, ಅಕ್ಕಿರೊಟ್ಟಿ, ಮಿಡಿ ಉಪ್ಪಿನಕಾಯಿ, ಬೆಲ್ಲ, ನೆಲಗಡಲೆ, ಸಣ್ಣ ಔಷಧಿ ಪೆಟ್ಟಿಗೆ ಸೇರಿ ಚೀಲದ ತೂಕ ಎಂಟು ಕಿಲೋ ಆಗಿತ್ತು. ಅದರ ಮೇಲೆ ನೀರು. ಒಂದು ಲೀಟರ್ ನೀರಿಗೆ ಒಂದು ಕಿಲೋ ತೂಕವಿರುವುದರಿಂದ ನಾಲ್ಕು ಲೀಟರ್ ತುಂಬಿಕೊಂಡರೆ ಹೊರೆ ಅರ್ಧದಷ್ಟು ಹೆಚ್ಚುತ್ತದೆ, ಎರಡೇ ಲೀಟರ್ ತುಂಬಿಕೊಂಡರೆ ಮೊಣಕಾಲಿಗೆ ಸುಖ, ಗಂಟಲಿಗೆ ಅಪಾಯ. ಬಿಸಿಲಿನಲ್ಲಿ ಹೊರೆ ಹೊತ್ತು ಹತ್ತುವವರಿಗೆ ಗಂಟೆಗೆ ಅರ್ಧ ಲೀಟರಿನಷ್ಟಾದರೂ ಬೇಕಾಗುತ್ತದೆ ಎಂಬ ಲೆಕ್ಕದಲ್ಲಿ, ಎರಡು ನೀರಿನ ತಾಣಗಳ ನಡುವೆ ಎಷ್ಟು ಗಂಟೆಯ ದಾರಿ ಇದೆಯೋ ಅಷ್ಟಕ್ಕೆ ತಕ್ಕ ನೀರು ಮತ್ತು ಒಂದು ಲೀಟರ್ ಹೆಚ್ಚುವರಿ ಇಟ್ಟುಕೊಳ್ಳುವುದು ನಾನು ಪಾಲಿಸುವ ಕ್ರಮ. ಇದಕ್ಕಾಗಿ ಹಿಂದಿನ ರಾತ್ರಿ ಹಿರಿಯರೊಡನೆ ಕುಳಿತು ಇಡೀ ದಾರಿಯನ್ನು ನೀರಿನ ಲೆಕ್ಕದಲ್ಲಿ ಹೇಳಿಸಿಕೊಂಡಿದ್ದೆ. ಹಿಡ್ಲುಮನೆಯಲ್ಲಿ ಖಂಡಿತ ನೀರಿದೆ, ಅಲ್ಲಿಂದ ಮೇಲೆ ಬೋಳುಗುಡ್ಡದಲ್ಲಿ ಇಲ್ಲ, ಗುಡ್ಡದ ಮಡಿಕೆಯಲ್ಲಿರುವ ಕಾನಿನೊಳಗೆ ಒಂದು ಒರತೆ ಇದೆ, ಆಮೇಲೆ ನೆತ್ತಿಯ ಹತ್ತಿರದ ಭಟ್ಟರ ಮನೆ, ಇಳಿಯುವಾಗ ವಳೂರು. ಅಂದಿನ ನಮ್ಮ ನಕ್ಷೆ ಇಷ್ಟೇ.

ಹಿಡ್ಲುಮನೆ ಅಬ್ಬಿಯ ಮಗ್ಗುಲಲ್ಲಿ ಹತ್ತುವ ದಾರಿ ಕಡಿದಾದದ್ದು. ಮಳೆಗಾಲದಲ್ಲಿ ಮೈಮೇಲೆ ನೀರು ಸಿಡಿಸುವ ಜಲಪಾತ ಫೆಬ್ರವರಿಯಲ್ಲಿ ಕರಿಬಂಡೆಯ ಮೇಲೆ ತೆಳುವಾಗಿ ಇಳಿಯುತ್ತದೆ. ಮರದ ಬೇರುಗಳನ್ನು ಹಿಡಿದು, ಬಂಡೆಯ ಮೇಲೆ ಕೈಯೂರಿ, ಒಂದು ಹಂತದಿಂದ ಇನ್ನೊಂದು ಹಂತಕ್ಕೆ ಏರುವಾಗ ಎಲ್ಲೋ ಒಳಗಿನಿಂದ ಸಿಳ್ಳಾರ ಹಕ್ಕಿ ಶಿಳ್ಳೆ ಹಾಕುತ್ತಿತ್ತು. ಅಬ್ಬಿಯ ಮೇಲ್ತುದಿಯಲ್ಲಿ ಎಲ್ಲ ಬಾಟಲಿಗಳನ್ನೂ ತುಂಬಿಕೊಂಡೆವು. ಹರಿಯುವ ನೀರೆಂದು ನಂಬಿ ಹಾಗೆಯೇ ಕುಡಿಯುವುದು ತರವಲ್ಲ, ಮೇಲೆ ಕಾಟಿಗಳೂ ದನಗಳೂ ಓಡಾಡುವ ನೆಲವಿದೆ. ಹತ್ತಿ ಬಟ್ಟೆಯಲ್ಲಿ ಸೋಸಿ, ಕ್ಲೋರಿನ್ ಮಾತ್ರೆ ಹಾಕಿ, ಅರ್ಧ ಗಂಟೆ ಕಾದ ನಂತರವೇ ಕುಡಿಯುವ ನೀರೆಂದು ಲೆಕ್ಕ.

ಆ ಅರ್ಧ ಗಂಟೆ ನಾವು ತರಗೆಲೆಯ ಮೇಲೆ ಕೂರಲಿಲ್ಲ, ಬಂಡೆಯ ಮೇಲೆಯೇ ನಿಂತಿದ್ದೆವು. ಒಣ ಕಾಲದ ಮಲೆನಾಡಿನಲ್ಲಿ ಹುಲಿಗಿಂತ, ಹಾವಿಗಿಂತ ಹೆಚ್ಚು ಗಮನ ಕೊಡಬೇಕಾದದ್ದು ಉಣುಗಿಗೆ, ಅಂದರೆ ಮೈಗೆ ಹತ್ತಿ ರಕ್ತ ಹೀರುವ ಉಣ್ಣೆಗೆ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸತ್ತು ಬೀಳತೊಡಗಿದಾಗ ಮೊದಲು ಪತ್ತೆಯಾದ, ಉಣುಗಿನ ಕಡಿತದಿಂದ ಹರಡುವ ಮಂಗನ ಕಾಯಿಲೆ ಇಂದಿಗೂ ನಮ್ಮ ಶಿವಮೊಗ್ಗ ಜಿಲ್ಲೆಯನ್ನು ಬಿಟ್ಟಿಲ್ಲ. 2019ರಲ್ಲಿ ಸಾಗರ ತಾಲ್ಲೂಕಿನ ಅರಲಗೋಡು ಭಾಗದ ಮನೆಗಳು ಕಂಡ ಸಂಕಟವನ್ನು ಇಲ್ಲಿಯವರು ಮರೆತಿಲ್ಲ. ಈ ರೋಗ ಡಿಸೆಂಬರ್‌ನಿಂದ ಮೇ ತಿಂಗಳವರೆಗೆ ಕಾಣಿಸಿಕೊಳ್ಳುವುದು, ಅಂದರೆ ನಡೆಯಲು ಹಿತವಾದ ತಿಂಗಳುಗಳಲ್ಲಿಯೇ. ಆಗ ಉಣುಗಿನ ಮರಿಗಳು ಒಣ ತರಗೆಲೆಯ ನಡುವೆ ಹೇರಳವಾಗಿರುತ್ತವೆ, ಮತ್ತು ಅವು ಬರಿಗಣ್ಣಿಗೆ ಸುಲಭವಾಗಿ ಕಾಣದಷ್ಟು ಚಿಕ್ಕವು. ಮೈತುಂಬ ಬಟ್ಟೆ ಹಾಕಿಕೊಂಡು ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸುವುದು, ಉಣುಗು ಹತ್ತದಂತೆ ಆರೋಗ್ಯ ಇಲಾಖೆಯವರು ಹಂಚುವ ಡೇಪಾ ಎಣ್ಣೆಯನ್ನು ಕೈಕಾಲಿಗೆ ಹಚ್ಚಿಕೊಳ್ಳುವುದು, ಸಂಜೆ ಬಿಸಿನೀರಿನ ಸ್ನಾನ ಮಾಡಿ ಬಟ್ಟೆಯನ್ನೂ ಬಿಸಿನೀರಿಗೆ ಹಾಕುವುದು ಇಲ್ಲಿ ಅತಿ ಎಚ್ಚರಿಕೆಯ ಮಾತಲ್ಲ. ಸೊಪ್ಪು ತರಲು, ಉದುರಿದ ಒಣ ಎಲೆಯ ದರಕು ಗುಡಿಸಲು ದಿನಾಲೂ ಕಾಡಿಗೆ ಹೋಗುವ ಹೆಂಗಸರು ಜೀವವನ್ನು ಪಣಕ್ಕಿಟ್ಟು ಮಾಡುವ ಕೆಲಸವನ್ನು ನಾವು ಸಂತೋಷಕ್ಕಾಗಿ ಮಾಡುತ್ತಿದ್ದೇವೆ. ಸತ್ತ ಮಂಗ ಕಂಡರೆ ದೂರ ಸರಿದು ಆರೋಗ್ಯ ಇಲಾಖೆಗೋ ಅರಣ್ಯ ಇಲಾಖೆಗೋ ತಿಳಿಸುವಷ್ಟು ಹೊಣೆ ನಮ್ಮ ಮೇಲಿದೆ. ಮನೆಗೆ ಮರಳಿದ ಮೇಲೆ ಜ್ವರ, ತಲೆನೋವು, ಮೈಕೈ ನೋವು ಬಂದರೆ ಕಾಡಿಗೆ ಹೋಗಿದ್ದೆನೆಂದು ವೈದ್ಯರಿಗೆ ಮೊದಲೇ ಹೇಳಬೇಕು.

ಕಾಡು ಮುಗಿದು ಬೋಳುಗುಡ್ಡ ಶುರುವಾಗುವ ಗೆರೆ ಇಲ್ಲಿ ಬಹಳ ಸ್ಪಷ್ಟವಾಗಿದೆ. ಒಂದು ಹೆಜ್ಜೆ ನೆರಳಿನಲ್ಲಿದ್ದರೆ ಮುಂದಿನ ಹೆಜ್ಜೆ ಬೆಂಕಿಯಂಥ ಬಯಲಿನಲ್ಲಿರುತ್ತದೆ. ಒಂಬತ್ತು ಗಂಟೆಗೇ ಬಿಸಿಲು ಕತ್ತಿನ ಮೇಲೆ ಕುಳಿತಿತ್ತು. ಸೊಂಟದೆತ್ತರದ ಕರಡ ಹುಲ್ಲು ಗಾಳಿಗೆ ಸರಸರ ಎನ್ನುತ್ತಿತ್ತು, ಕಾಲಡಿಯ ಜಂಬಿಟ್ಟಿಗೆಯ ಹರಳುಗಳು ಹೆಜ್ಜೆ ಊರಿದಲ್ಲೆಲ್ಲ ಉರುಳುತ್ತಿದ್ದವು. ಇಂಥ ಇಳಿಜಾರಿನಲ್ಲಿ ಅಡ್ಡ ನಡೆಯುವಾಗ ಬೆನ್ನಿನ ಹೊರೆ ಕಣಿವೆಯ ಕಡೆಗೆ ಎಳೆಯುತ್ತದೆ, ಊರುಗೋಲು ಇಲ್ಲದವರಿಗೆ ಕಷ್ಟ. ಅಲ್ಲಲ್ಲಿ ಇಲಾಖೆಯವರು ಬೇಸಿಗೆಗೆ ಮುಂಚೆಯೇ ಹುಲ್ಲು ಸುಟ್ಟು ಮಾಡಿದ ಬೆಂಕಿ ರೇಖೆಗಳು ಕಪ್ಪಗೆ ಹಾದುಹೋಗಿದ್ದವು. ಗುಡ್ಡದ ಬೆಂಕಿಯಲ್ಲಿ ಹೆಚ್ಚಿನದು ಮನುಷ್ಯರಿಂದಲೇ ಹತ್ತುವಂಥದ್ದು. ಆದ್ದರಿಂದ ಈ ಭಾಗದಲ್ಲಿ ನಾವು ಒಲೆ ಹೊತ್ತಿಸುವುದಿಲ್ಲ, ಚಹಾ ಇಲ್ಲದಿದ್ದರೆ ಇಲ್ಲ. ಈ ಬಯಲಿನಲ್ಲಿ ಉಳಿದಿರುವ ಮರಗಳನ್ನು ನೋಡಿದರೆ ಬೆಂಕಿಯ ಇತಿಹಾಸ ಗೊತ್ತಾಗುತ್ತದೆ. ದಪ್ಪ ತೊಗಟೆಯ ಕೌಲು ಮರ, ಸುಟ್ಟರೂ ಬುಡದಿಂದ ಚಿಗುರುವ ಗಿಡ್ಡ ಈಚಲು, ಮತ್ತು ನೆಲ್ಲಿ.

ಆ ನೆಲ್ಲಿ ಮರದಲ್ಲಿ ಕೊನೆಯ ಕಾಯಿಗಳು ಉಳಿದಿದ್ದವು. ಹಿರಿಯರು ಒಂದೊಂದನ್ನು ನಮ್ಮ ಕೈಗಿಟ್ಟು, ಜಗಿದ ಮೇಲೆ ಎರಡೇ ಗುಟುಕು ಕುಡಿಯಿರಿ ಎಂದರು. ಒಗರು ಬಾಯಿಗೆ ಬಿದ್ದಾಗ ನೀರು ಸಿಹಿಯಾಗುತ್ತದೆ, ಜೊಲ್ಲು ಊರುತ್ತದೆ, ಎರಡು ಗುಟುಕು ನಾಲ್ಕಕ್ಕೆ ಸಮನಾದಂತೆ ಅನಿಸುತ್ತದೆ. ಆದರೆ ಅನಿಸಿಕೆ ಬೇರೆ, ದೇಹದ ಅಗತ್ಯ ಬೇರೆ. ಬೆವರಿನಲ್ಲಿ ಉಪ್ಪೂ ಹೋಗುವುದರಿಂದ ನಾನು ಒಂದು ಬಾಟಲಿಯಲ್ಲಿ ಲೀಟರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಕಲಸಿ ಇಟ್ಟುಕೊಳ್ಳುತ್ತೇನೆ. ಗೆಳೆಯನಿಗೆ ತಲೆ ಭಾರವಾಗುತ್ತಿದೆ ಎಂದಾಗ ಅದನ್ನೇ ಕುಡಿಸಿ, ಕೌಲು ಮರದ ಅಷ್ಟಿಷ್ಟು ನೆರಳಿನಲ್ಲಿ ಚೀಲ ಇಳಿಸಿ ನಿಂತೆವು.

ನೆರಳಿನಿಂದ ನೋಡಿದರೆ ಎದುರಿನ ಇಳಿಜಾರಿನ ಮಡಿಕೆಯಲ್ಲಿ ಕಡುಹಸಿರು ಕಾನು ಒತ್ತಾಗಿ ಕುಳಿತಿತ್ತು. ಸುತ್ತ ಎಲ್ಲೆಡೆ ಹುಲ್ಲು ಒಣಗಿ ಹಳದಿಯಾಗಿರುವಾಗ ಅಷ್ಟು ಜಾಗ ಮಾತ್ರ ಹಸಿರಾಗಿರಲು ಕಾರಣವಿದೆ. ಜಂಬಿಟ್ಟಿಗೆಯ ಕಲ್ಲು ತೂತುತೂತಾಗಿರುವುದರಿಂದ ಮಳೆಗಾಲದ ನೀರು ಅದರ ಮೂಲಕ ಕೆಳಗಿಳಿಯುತ್ತದೆ. ಹುಲ್ಲಿನ ಬೇರುಗಳು ಮಣ್ಣನ್ನು ಹಿಡಿದಿಟ್ಟು, ಸುರಿದದ್ದೆಲ್ಲ ಒಮ್ಮೆಗೇ ಹರಿದುಹೋಗದಂತೆ ತಡೆಯುತ್ತವೆ. ಹಾಗೆ ಇಂಗಿದ ನೀರು ತಿಂಗಳುಗಟ್ಟಲೆ ಒಳಗೊಳಗೇ ಜಾರಿ, ಇಳಿಜಾರು ಮಡಿಕೆಯಾಗುವಲ್ಲಿ ಹೊರಬರುತ್ತದೆ. ತೇವವಿರುವಲ್ಲಿ ಕಾನು ಬೆಳೆದಿದೆ, ಕಾನು ಬೆಳೆದಲ್ಲಿ ನೆರಳು ಮತ್ತು ತರಗೆಲೆಯ ಹೊದಿಕೆ ಆ ತೇವವನ್ನು ಕಾಯುತ್ತವೆ. ಬೋಳುಗುಡ್ಡವನ್ನು ಪಾಳು ನೆಲವೆಂದು ಭಾವಿಸಿ ಅಲ್ಲಿ ಅಕೇಶಿಯ ನೆಡಬೇಕೆನ್ನುವವರ ಮಾತಿಗೆ ನಾನು ಎಂದಿಗೂ ಒಪ್ಪಲಾರೆ. ಮೇಲಿನ ಹುಲ್ಲು ಕೆಟ್ಟರೆ ಕೆಳಗಿನ ಒರತೆಯೂ ಕೆಡುತ್ತದೆ, ಆ ಒರತೆಯಿಂದ ಬದುಕುವ ತಪ್ಪಲಿನ ಅಡಿಕೆ ತೋಟವೂ ಕೆಡುತ್ತದೆ.

ಕಾನಿನೊಳಗೆ ಕಾಲಿಟ್ಟೊಡನೆ ಬಿಸಿಲಿನ ಗದ್ದಲ ನಿಂತುಹೋಯಿತು. ಸುರಹೊನ್ನೆ ಹೂಬಿಟ್ಟಿತ್ತು, ಮರ ಯಾವುದೆಂದು ಹುಡುಕುವ ಮೊದಲೇ ಅದರ ಪರಿಮಳ ಮೂಗಿಗೆ ಬಂತು. ಬೈನೆ, ರಾಮಪತ್ರೆ, ಧೂಪದ ಮರಗಳ ನಡುವೆ ಹಿರಿಯರು ನೇರವಾಗಿ ಒಂದು ಬಂಡೆಯ ಬುಡಕ್ಕೆ ಹೋದರು. ಅಲ್ಲಿ ನೀರೇನೂ ಕಾಣಲಿಲ್ಲ, ಕೊಳೆತ ಎಲೆ ಮಾತ್ರ ಇತ್ತು. ಅವರು ಕುಕ್ಕರಗಾಲಿನಲ್ಲಿ ಕುಳಿತು ಎಲೆಗಳನ್ನು ಎರಡೂ ಕೈಯಿಂದ ಮೆಲ್ಲಗೆ ಸರಿಸಿದರು, ಬೆರಳಿನಿಂದ ಬೊಗಸೆಯಷ್ಟು ಗುಂಡಿ ತೋಡಿದರು, ಬಗ್ಗಡವಾದ ಮೊದಲ ನೀರನ್ನು ಮೊಗೆದು ಚೆಲ್ಲಿದರು, ಎರಡನೆಯದನ್ನೂ ಚೆಲ್ಲಿದರು. ಗುಂಡಿಯ ಅಂಚಿನಲ್ಲಿದ್ದ ಉಗುರಿನಷ್ಟು ಗಾತ್ರದ ಕಪ್ಪೆಯೊಂದು ಹಾರಿ ಬಂಡೆಯ ಸಂದಿಗೆ ಸೇರಿಕೊಂಡಿತು. ಮೂರನೆಯ ಸಲ ತುಂಬಿದ ನೀರು ತಿಳಿಯಾಗಿತ್ತು, ತಳದ ಮರಳಿನಲ್ಲಿ ಕಣಗಳು ಕುಣಿಯುತ್ತ ಒರತೆಯ ಬಾಯಿ ಎಲ್ಲಿದೆಯೆಂದು ತೋರಿಸುತ್ತಿದ್ದವು. ಅಗಲವಾದ ಎಲೆಯೊಂದನ್ನು ದೋಣಿಯಂತೆ ಮಡಿಸಿ ಬಂಡೆಯ ಸಂದಿಗೆ ಸಿಕ್ಕಿಸಿದಾಗ ಅದರ ತುದಿಯಿಂದ ಎಳೆಯಾಗಿ ನೀರು ಇಳಿಯತೊಡಗಿತು. ಒಂದು ಲೀಟರ್ ತುಂಬಲು ಹತ್ತು ನಿಮಿಷವೇ ಹಿಡಿಯಿತು. ಯಾರಿಗೂ ಅವಸರವಿರಲಿಲ್ಲ. ಬಾಟಲಿಗಳು ತುಂಬಿದ ಮೇಲೆ ಅವರು ಎಲೆಯನ್ನು ತೆಗೆದು, ತೋಡಿದ ಗುಂಡಿಯನ್ನು ಹಾಗೆಯೇ ಬಿಟ್ಟು, ಸುತ್ತ ತರಗೆಲೆಯನ್ನು ಮತ್ತೆ ಹರಡಿದರು. ಗುಂಡಿಯ ನೀರು ಹಕ್ಕಿಗೆ, ಕಾಡುಕುರಿಗೆ, ಸಿಂಗಳೀಕಕ್ಕೆ ಬೇಕಂತೆ, ಸುತ್ತಲಿನ ಎಲೆ ಆ ನೀರು ಆರದಿರಲೆಂದಂತೆ.

ಈ ಒರತೆ ಎಲ್ಲಿದೆಯೆಂದು ನಾನು ಇಲ್ಲಿ ಬರೆಯುವುದಿಲ್ಲ. ಹತ್ತು ನಿಮಿಷಕ್ಕೆ ಒಂದು ಲೀಟರ್ ಕೊಡುವ ನೀರು ಮೂರು ಜನರಿಗೆ ಸಾಕು, ವಾರಾಂತ್ಯದ ಬಸ್ಸಿನಲ್ಲಿ ಬರುವ ಗುಂಪಿಗೆ ಸಾಲದು.

ನೆತ್ತಿಯ ಹತ್ತಿರ ತಲುಪಿದಾಗ ಮಧ್ಯಾಹ್ನ. ಜೀಪಿನ ದಾರಿ ಅಲ್ಲಿ ನಮ್ಮ ಕಾಲುದಾರಿಯನ್ನು ಕೂಡುವುದರಿಂದ ಮುಂದಿನದೆಲ್ಲ ಕೆಂಪು ಧೂಳು ಮತ್ತು ಜನ. ಭಟ್ಟರ ಮನೆಯಲ್ಲಿ ಅನ್ನ, ಸಾರು, ಮಜ್ಜಿಗೆ ಉಂಡು, ಮೂಲ ಮೂಕಾಂಬಿಕೆಯ ಗುಡಿಯ ಎದುರಿನ ಕಬ್ಬಿಣದ ಕಂಬವನ್ನು ನೋಡಿದೆವು. ಇಲ್ಲಿನ ಮಳೆಗಾಲದ ತೇವಕ್ಕೆ ಮೈಯೊಡ್ಡಿಯೂ ಆ ಕಂಬ ಉಳಿದುಕೊಂಡಿರುವುದು ಈ ನಾಡಿನ ಕಮ್ಮಾರಿಕೆಯ ದೊಡ್ಡಸ್ತಿಕೆ. ಕಬ್ಬಿಣದ ಅದಿರಿರುವ ಬೆಟ್ಟದ ಮೇಲೆಯೇ ಅದು ನಿಂತಿರುವುದು ಇನ್ನೂ ಉಚಿತವಾಗಿದೆ. 1,343 ಮೀಟರ್ ಎತ್ತರದ ಶಿಖರದಲ್ಲಿ ಶಂಕರಾಚಾರ್ಯರ ಹೆಸರಿನ ಸರ್ವಜ್ಞಪೀಠದ ಕಲ್ಲು ಮಂಟಪದ ನೆರಳು ಒಬ್ಬರ ಮೇಲೊಬ್ಬರು ಕೂರುವಷ್ಟು ಜನರಿಂದ ತುಂಬಿತ್ತು. ಪಶ್ಚಿಮಕ್ಕೆ ಕಾಡು ಇಳಿಯುತ್ತ ಹೋಗಿ ಕರಾವಳಿಯ ಮಬ್ಬಿನಲ್ಲಿ ಸೇರುತ್ತದೆ, ಇನ್ನೊಂದು ಕಡೆಗೆ 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರು ಹೊಳೆಯುತ್ತದೆ. ಅಷ್ಟೊಂದು ನೀರನ್ನು ಕಣ್ಣೆದುರಿಗೆ ಇಟ್ಟುಕೊಂಡು ಬಾಟಲಿಯ ಮಟ್ಟ ನೋಡುತ್ತ ಕೂರುವುದು ಈ ಶಿಖರದ ವಿಶೇಷ. ಜೀಪಿನಲ್ಲಿ ಬಂದವರು ಬಿಟ್ಟುಹೋದ ಪ್ಲಾಸ್ಟಿಕ್ ಬಾಟಲಿಗಳನ್ನು ನಾವು ಚೀಲದ ಹೊರಬದಿಗೆ ಕಟ್ಟಿಕೊಂಡಷ್ಟು ಕಟ್ಟಿಕೊಂಡೆವು. ಇನ್ನೂ ಬಹಳ ಉಳಿದವು.

ಇಳಿಜಾರು ಹತ್ತುವುದಕ್ಕಿಂತ ಸುಲಭವೆಂದು ಹೊರೆ ಹೊತ್ತವರು ಯಾರೂ ಹೇಳಲಾರರು. ಎರಡು ಗಂಟೆಗೆ ಹೊರಟು, ಬಿಸಿಲಿಗೆ ಎದುರಾಗಿ, ಬೋಳು ಏಣಿನ ಮೇಲೆ ಸಾಗುವ ಭಾಗವೇ ಅಂದಿನ ಅತ್ಯಂತ ಒಣ ಭಾಗ. ಒಣಹುಲ್ಲು ಬೂಟಿನಡಿ ಜಾರುತ್ತದೆ, ಹರಳುಕಲ್ಲು ಅದಕ್ಕಿಂತ ಹೆಚ್ಚು ಜಾರುತ್ತದೆ, ಹೆಬ್ಬೆರಳು ಬೂಟಿನ ಮುಂಭಾಗಕ್ಕೆ ಒತ್ತಿ ಉರಿಯುತ್ತದೆ. ಮೊದಲೇ ಲೇಸನ್ನು ಬಿಗಿದು ಕಟ್ಟಿ, ಉಗುರು ಕತ್ತರಿಸಿಕೊಂಡು ಬಂದವರಿಗೆ ಇದು ತಡೆದುಕೊಳ್ಳುವಂಥದ್ದು. ಭಟ್ಟರ ಮನೆಯಲ್ಲಿ ತುಂಬಿಸಿಕೊಂಡ ಮೂರು ಲೀಟರಿನಲ್ಲಿ ಎರಡು, ಕಾಡಿನ ಅಂಚು ಸಿಗುವಷ್ಟರಲ್ಲೇ ಮುಗಿದಿತ್ತು.

ವಳೂರಿನ ಒಂದು ಮನೆಯ ಜಗುಲಿಯಲ್ಲಿ ಕೂತಾಗ ನಾಲ್ಕು ಗಂಟೆ. ಕೇಳುವ ಮೊದಲೇ ಒಳಗಿನಿಂದ ತಟ್ಟೆಯಲ್ಲಿ ಬೆಲ್ಲದ ತುಂಡು, ತಂಬಿಗೆಯಲ್ಲಿ ನೀರು ಬಂತು. ಆಮೇಲೆ ಆಸರಿಗೆ ಮುರುಗಲು ಪಾನಕವೋ ಮಜ್ಜಿಗೆಯೋ ಎಂದು ಕೇಳಿದರು. ಅಂಗಳದ ಮೂಲೆಯಲ್ಲಿ ಗುಡ್ಡದಿಂದ ಸೀಳಿದ ಅಡಿಕೆ ಮರದ ದಬ್ಬೆಯಲ್ಲಿ ಬರುತ್ತಿದ್ದ ಅಬ್ಬಿ ನೀರು ಕಲ್ಲುಮರಿಗೆಗೆ ಬೀಳುತ್ತಿತ್ತು. ಮುಂಚೆ ಮೇ ತಿಂಗಳವರೆಗೂ ನಿಲ್ಲದೆ ಬರುತ್ತಿದ್ದ ಈ ನೀರು ಈಚಿನ ವರ್ಷಗಳಲ್ಲಿ ಬೇಗ ಸಣ್ಣದಾಗುತ್ತಿದೆ ಎಂದು ಮನೆಯ ಯಜಮಾನರು ಹೇಳಿದರು. ಮೇಲೆ ಬೆಂಕಿ ಬಿದ್ದ ವರ್ಷ ಇನ್ನೂ ಬೇಗ ಸಣ್ಣದಾಗುತ್ತದಂತೆ. ನಮಗೆ ಒಂದು ದಿನದ ಲೆಕ್ಕವಾದ ನೀರು ಅವರಿಗೆ ವರ್ಷದ ಲೆಕ್ಕ. ತೋಟಕ್ಕೆ, ದನಕ್ಕೆ, ಮನೆಗೆ ಎಂದು ಪಾಲು ಮಾಡಿ ಬಳಸುವ ಆ ನೀರನ್ನು ಅವರು ಒಂದು ಮಾತೂ ಆಡದೆ ನಮ್ಮ ಬಾಟಲಿಗಳಿಗೆ ತುಂಬಿದರು. ದುಡ್ಡು ಕೊಡಲು ಹೋದಾಗ ಬೇಡವೆಂದರು. ಕೊನೆಗೆ ಚೀಲದಲ್ಲಿದ್ದ ಡೇಪಾ ಎಣ್ಣೆಯ ಇನ್ನೂ ಒಡೆಯದ ಬಾಟಲಿಯನ್ನು ಮಾತ್ರ ಸಂತೋಷದಿಂದ ತೆಗೆದುಕೊಂಡರು.

ಅಲ್ಲಿಂದ ಕೊಲ್ಲೂರು ರಸ್ತೆಯವರೆಗಿನದು ದಟ್ಟ ಕಾಡಿನ ನೆರಳಿನ ದಾರಿ, ಬೇಗ ಸಾಗಿತು. ಮಂಗಟ್ಟೆ ಹಕ್ಕಿಯ ರೆಕ್ಕೆಯ ಸದ್ದು ಒಮ್ಮೆ ತಲೆಯ ಮೇಲೆ ಹಾದುಹೋಯಿತು. ಬೆಳಕಿರುವಾಗಲೇ ರಸ್ತೆ ಸೇರಿ, ರಾತ್ರಿ ಕೊಲ್ಲೂರಿನ ವಸತಿಯಲ್ಲಿ ಬಿಸಿನೀರು ಮೀಯುವ ಮೊದಲು ಒಬ್ಬರ ಬೆನ್ನು, ಕಂಕುಳು, ಮೊಣಕಾಲಿನ ಹಿಂಭಾಗವನ್ನು ಇನ್ನೊಬ್ಬರು ದೀಪ ಹಿಡಿದು ಪರೀಕ್ಷಿಸಿದೆವು. ನನ್ನ ಕಾಲುಚೀಲದ ಹೆಣಿಗೆಯಲ್ಲಿ ಒಂದು ಉಣುಗು ಸಿಕ್ಕಿತು. ಅದಿನ್ನೂ ಚರ್ಮ ತಲುಪಿರಲಿಲ್ಲ.

ಈ ದಾರಿಯಲ್ಲಿ ನಡೆಯಬೇಕೆಂದಿರುವವರು ನನ್ನ ಲೆಕ್ಕವನ್ನು ಹಾಗೆಯೇ ತೆಗೆದುಕೊಳ್ಳಬಾರದು, ಅದು ಫೆಬ್ರವರಿಯ ಲೆಕ್ಕ. ಡಿಸೆಂಬರಿನಲ್ಲಿ ಎರಡು ಲೀಟರ್ ಹೊತ್ತರೆ ನಡೆದೀತು, ಮಾರ್ಚಿನಲ್ಲಿ ದಾರಿ ತೆರೆದಿದ್ದರೂ ಕಾನಿನ ಒರತೆಯನ್ನು ನೆಚ್ಚದೆ ಹಿಡ್ಲುಮನೆಯಿಂದ ಭಟ್ಟರ ಮನೆಯವರೆಗಿನ ಪೂರ್ತಿ ನೀರನ್ನು ಹೊತ್ತೇ ಹತ್ತಬೇಕಾದೀತು. ಆ ವರ್ಷ ಹಿಂಗಾರು ಎಷ್ಟು ಬಿತ್ತು, ಗುಡ್ಡಕ್ಕೆ ಬೆಂಕಿ ಬಿದ್ದಿದೆಯೇ, ದಬ್ಬೆಯ ನೀರು ಎಷ್ಟು ದಪ್ಪ ಬರುತ್ತಿದೆ ಎಂಬುದನ್ನು ಹೊರಡುವ ಹಿಂದಿನ ದಿನ ನಿಟ್ಟೂರಿನ ಕಡೆಯವರನ್ನೂ ವಳೂರಿನವರನ್ನೂ ಕೇಳಿ, ಆಮೇಲೆ ಬಾಟಲಿಗಳನ್ನು ತುಂಬಿಕೊಳ್ಳಿ.